ಬತ್ತಿ ಉಂಟಾ ಮಗಾ?

ನನಗೊಂದು ಅಭ್ಯಾಸ ಉಂಟು. ಕತ್ತಲೆ ಇರುವ ಕೋಣೆಗೆ ಕಾಲಿಡುವ ಮೊದಲು ನಾಲಿಗೆಯನ್ನು ಅಂಗುಳಿಗೆ ಒತ್ತಿ 'ಟಕ್' ಎಂದು ಒಂದು ಸದ್ದು ಮಾಡುತ್ತೇನೆ. ಬೇಕೆಂದು ಮಾಡುವುದಲ್ಲ, ಅದಾಗಿಯೇ ಬರುತ್ತದೆ. ಹಿಂದಿನ ಕೋಣೆಯಿಂದ ತೆಂಗಿನಕಾಯಿ ತರಲು ಹೋದರೂ ಟಕ್, ಶಾಲೆಯ ಲ್ಯಾಬಿನ ಬಾಗಿಲು ತೆಗೆದರೂ ಟಕ್. ಮದುವೆಯಾದ ಹೊಸತರಲ್ಲಿ ನಮ್ಮವರು ಹಲ್ಲಿ ಎಂದೇ ತಿಳಿದು ಎರಡು ದಿನ ಗೋಡೆ ಹುಡುಕಿದ್ದರು. ಈಗ ಅದನ್ನೇ ಲಾಭ ಮಾಡಿಕೊಂಡಿದ್ದಾರೆ. ವಾದ ನಡೆಯುವಾಗ ನಾನೇನಾದರೂ ಕತ್ತಲೆ ಕೋಣೆಗೆ ಹೊಕ್ಕರೆ, "ನೋಡು, ಹಲ್ಲಿ ಲೊಚಗುಟ್ಟಿತು, ನಾನು ಹೇಳಿದ್ದೇ ಸತ್ಯ" ಎನ್ನುತ್ತಾರೆ. ಅವರಿಗೆ ಕರೆಂಟಾಫೀಸಿನಲ್ಲಿ ಲೈನ್‌ಮ್ಯಾನ್ ಕೆಲಸ. ಊರಿಗೆಲ್ಲ ಬೆಳಕು ಕೊಡುವವರ ಹೆಂಡತಿ ಮನೆಯೊಳಗೆ ಹೀಗೆ ಲೊಚಗುಟ್ಟುತ್ತಾ ತಿರುಗುವುದು ಅವರ ಪಾಲಿಗೆ ತಮಾಷೆ.

ಆದರೆ ಈ ಸದ್ದು ನನ್ನದಲ್ಲ. ಅಪ್ಪನದು.

ಅಪ್ಪ ಸುರಂಗ ತೋಡುವವರು. ಸುರಂಗ ಅಂದರೆ ರೈಲು ಹೋಗುವಂಥದ್ದೆಂದು ತಿಳಿಯಬೇಡಿ. ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ದಾರಿ ಕೊರೆದು ನೀರು ತರುತ್ತಾರೆ. ಮಲಗಿಸಿದ ಬಾವಿ ಎನ್ನಿ. ಮೇಲಿನ ಮುರಕಲ್ಲಿನ ಗಟ್ಟಿ ಪದರ ದಾಟಿ ಮೆದು ಮಣ್ಣು ಸಿಕ್ಕಿ, ಆ ಮಣ್ಣು ಬೆವರಲು ತೊಡಗಿದರೆ ಕೆಲಸ ಗೆದ್ದಂತೆ. ಈಗ ಬೋರ್‌ವೆಲ್ಲಿನ ಲಾರಿ ಬಂದು ಒಂದೇ ದಿನದಲ್ಲಿ ಊರಿನ ಕಿವಿ ಕಿವುಡು ಮಾಡಿ ಹೋಗುತ್ತದೆ. ಆಗ ದೇಲಂಪಾಡಿಯಿಂದ ಬೆಳ್ಳೂರಿನವರೆಗೆ, ಯಾರ ಗುಡ್ಡದಲ್ಲಿ ನೀರು ಬೇಕಾದರೂ ಅಪ್ಪನಿಗೇ ಹೇಳಿ ಕಳಿಸುತ್ತಿದ್ದರು. "ಅವನಿಗೆ ಸುರಂಗದ ಕಣ್ಣು ಉಂಟು, ಕತ್ತಲೆಯಲ್ಲಿ ಕಾಣ್ತದೆ" ಎಂದು ಜನ ಹೇಳುತ್ತಿದ್ದರು. ನನಗೆ ಇದು ದೊಡ್ಡ ಹೆಮ್ಮೆಯ ವಿಷಯವಾಗಿತ್ತು. ಬೇರೆಯವರ ಅಪ್ಪಂದಿರಿಗೆ ಸೈಕಲ್ ಇತ್ತು, ನನ್ನ ಅಪ್ಪನಿಗೆ ಸುರಂಗದ ಕಣ್ಣಿತ್ತು.

ರಜೆಯ ದಿನಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಪ್ಪ ಒಳಗೆ ಪಿಕ್ಕಾಸಿನಲ್ಲಿ ಕಡಿದು ಉದುರಿಸಿದ ಮಣ್ಣನ್ನು ಬುಟ್ಟಿಯಲ್ಲಿ ಎಳೆದು ಹೊರಗೆ ಸುರಿಯುವುದು ನನ್ನ ಕೆಲಸ. ಸುರಂಗದೊಳಗೆ ಅಪ್ಪನ ಕಾನೂನುಗಳು ಬೇರೆ ಇದ್ದವು. ಸಿಳ್ಳೆ ಹಾಕಬಾರದು. ಹೆಸರು ಹಿಡಿದು ಕರೆಯಬಾರದು. "ಒಳಗೆ ಕರೆದ ಹೆಸರು ಒಳಗೇ ಉಳೀತದೆ" ಎನ್ನುತ್ತಿದ್ದರು. ಆ ಹೆಸರು ಅಲ್ಲಿ ಉಳಿದು ಎಂತ ಮಾಡುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೋ ಎಂಬ ಭಯ. ಹಾಗಾಗಿ ಒಳಗೆ ನಾನು ಬರೀ 'ಮಗಾ'.

ಇನ್ನೊಂದು ಕಾನೂನು ಮೋಂಬತ್ತಿಯದ್ದು. ಅಪ್ಪ ಕಡಿಯುವಲ್ಲಿಂದ ಸ್ವಲ್ಪ ಹಿಂದೆ, ಬದಿಯ ಗೋಡೆಯಲ್ಲಿ ಒಂದು ಗೂಡು ಕೊರೆದು ಅದರಲ್ಲಿ ಬತ್ತಿ ಹಚ್ಚಿಡುವುದು. ಬೆಳಕಿಗಲ್ಲ, ಗಾಳಿಗೆ. ಬತ್ತಿ ಕುಗ್ಗಿದರೆ ಕೆಲಸ ನಿಲ್ಲಿಸಬೇಕು, ಆರಿದರೆ ಹೊರಗೆ ಓಡಬೇಕು. ಬತ್ತಿಗೆ ಸಾಲದ ಗಾಳಿ ಮನುಷ್ಯನಿಗೂ ಸಾಲದು. ನಾನು ಖಾಲಿ ಬುಟ್ಟಿ ಹಿಡಿದು ಬಂದಾಗಲೆಲ್ಲ ಅಪ್ಪ ತಲೆ ತಿರುಗಿಸದೆ ಕೇಳುವರು:

"ಬತ್ತಿ ಉಂಟಾ ಮಗಾ?"

"ಉಂಟಪ್ಪ."

ಪುನಃ ಪಿಕ್ಕಾಸಿನ ಸದ್ದು. ದಿನಕ್ಕೆ ನಲವತ್ತು ಸಲ ಬಂದರೆ ನಲವತ್ತು ಸಲವೂ ಇದೇ ಪ್ರಶ್ನೆ. ಮಕ್ಕಳಿಗೆ ಬೇಸರವಾಗದಿರಲಿ ಎಂದು ದೊಡ್ಡವರು ತಮಗೆ ಗೊತ್ತಿರುವುದನ್ನೇ ಕೇಳುತ್ತಾರಲ್ಲ, ಇದೂ ಹಾಗೆಯೇ ಎಂದುಕೊಂಡಿದ್ದೆ. ನಾನು ತಹಶೀಲ್ದಾರರ ಗತ್ತಿನಲ್ಲಿ "ಉಂಟು" ಎನ್ನುತ್ತಿದ್ದೆ.

ನಾನು ಏಳನೆಯಲ್ಲಿದ್ದಾಗ ಬೆಳ್ಳೂರಿನಲ್ಲಿ ಒಂದು ಉದ್ದದ ಸುರಂಗ. ನಡುವೆ ಬಂಡೆ ಅಡ್ಡ ಬಂದುದರಿಂದ ಒಂದು ತಿರುವು ಕೊಟ್ಟಿದ್ದರು. ಬೇಸಗೆ ರಜೆಯ ನಡು ಮಧ್ಯಾಹ್ನ. ಮಣ್ಣು ಸುರಿದು, ಕಣ್ಣಿನ ತುಂಬ ಬಿಸಿಲು ತುಂಬಿಕೊಂಡು ಒಳಗೆ ಹೋದೆ. ತಿರುವು ದಾಟಿದರೂ ಬೆಳಕು ಕಾಣಲಿಲ್ಲ. ಬಿಸಿಲಿನಿಂದ ಬಂದದ್ದಲ್ಲವೇ, ಕಣ್ಣು ಹೊಂದಿಕೊಳ್ಳಲಿ ಎಂದು ನಿಂತೆ. ಪಿಕ್ಕಾಸಿನ ಸದ್ದು ಕೇಳುತ್ತಿತ್ತು. ಅದರ ನಡುವೆ ಅಪ್ಪ ಮಾತಾಡುತ್ತಿದ್ದರು.

"ಸ್ವಲ್ಪ ಆಚೆ ಸರಿ. ಕಲ್ಲು ತಾಗ್ತದೆ. ಹಾಂ, ಅಲ್ಲಿಯೇ ಕೂತ್ಕೋ."

ಯಾರನ್ನೋ ಹತ್ತಿರ ಕೂರಿಸಿಕೊಂಡು ಮಾತಾಡುವ ಸ್ವರ. ನಾನಿನ್ನೂ ಹತ್ತು ಹೆಜ್ಜೆ ಹಿಂದೆ ಇದ್ದೆ.

"ಅಪ್ಪ" ಎಂದೆ.

ಪಿಕ್ಕಾಸು ನಿಂತಿತು. "ನೀನು ಅಲ್ಲಿದ್ದೀಯಾ?" ಎಂದರು. ಆಮೇಲೆ ಎಂದಿನಂತೆ, "ಬತ್ತಿ ಉಂಟಾ ಮಗಾ?"

"ಇಲ್ಲಪ್ಪ. ಆರಿದೆ."

ಎಲ್ಲಿಯೋ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು.

"ಎಷ್ಟು ಹೊತ್ತಾಯ್ತು?"

"ನನಗೆ ಗೊತ್ತಿಲ್ಲ, ನಾನು ಈಗ ಬಂದದ್ದು. ನಿಮಗೆ ಗೊತ್ತಾಗ್ಲಿಲ್ವಾ?"

ಕತ್ತಲೆಯಿಂದ ಒಂದು ಕೈ ಬಂದು ನೇರ ನನ್ನ ತಲೆಯ ಮೇಲೆ ಕೂತಿತು. "ನನ್ನ ಮುಂಡಿನ ತುದಿ ಹಿಡ್ಕೋ, ಬಿಡ್ಬೇಡ" ಎಂದು ನನ್ನನ್ನು ದಾಟಿ ಮುಂದಾದರು. ಆಮೇಲೆ ಆ ಸದ್ದು, ಟಕ್. ಎರಡು ಹೆಜ್ಜೆ. ಟಕ್. "ನೀನೂ ಮಾಡು. ಗೋಡೆ ಹತ್ತಿರ ಇದ್ರೆ ಸದ್ದು ಮುಖಕ್ಕೆ ಹೊಡೀತದೆ. ದಾರಿ ಇದ್ರೆ ಹೋಗ್ತಾ ಇರ್ತದೆ." ನಾನೂ ಮಾಡಿದೆ. ಅಪ್ಪನದೊಂದು ಟಕ್, ನನ್ನದೊಂದು ಟಕ್. ಸ್ವಲ್ಪ ಹೊತ್ತಿಗೆ ನನಗೆ ಮೂರನೆಯದೂ ಕೇಳತೊಡಗಿತು. ಹಿಂದಿನಿಂದ, ನಾವು ಬಿಟ್ಟು ಬಂದ ಕಡೆಯಿಂದ, ಕೊಂಚ ತಡವಾಗಿ.

"ಅಪ್ಪ, ಹಿಂದೆ ಯಾರೋ."

"ಯಾರೂ ಇಲ್ಲ. ನೀರು. ನಡೆ."

ಹೊರಗೆ ಬಂದಾಗ ಅಪ್ಪನ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಇತ್ತು. ತುಂಬ ಹೊತ್ತು ಬಿಸಿಲಿಗೆ ಮುಖ ಕೊಟ್ಟು ಕೂತರು. ಕಡೆಗೆ, "ಅಮ್ಮನಲ್ಲಿ ಹೇಳ್ಬೇಡ. ಯಾರಲ್ಲಿಯೂ ಹೇಳ್ಬೇಡ" ಎಂದರು. ಗಾಳಿ ಕೆಟ್ಟರೆ ಮಿದುಳು ಅಲ್ಲಿ ಇಲ್ಲದವರನ್ನು ಕೂರಿಸಿಕೊಂಡು ಮಾತಾಡುತ್ತದೆ ಎಂದು ಈಗ ನನಗೆ ಗೊತ್ತುಂಟು, ಮಕ್ಕಳಿಗೆ ಪಾಠವನ್ನೂ ಮಾಡುತ್ತೇನೆ. ಆದರೂ ಆ 'ಅಲ್ಲಿಯೇ ಕೂತ್ಕೋ' ಎಂಬ ಮಾತಿನಲ್ಲಿದ್ದ ಪ್ರೀತಿ ನೆನಪಾದರೆ ಬೆನ್ನು ತಣ್ಣಗಾಗುತ್ತದೆ.

ಇನ್ನು ಮೀನಿನ ವಿಷಯ ಹೇಳಬೇಕು. ಮದುವೆಯ ನಂತರವೂ ನಾವಿರುವುದು ಅಪ್ಪನ ಮನೆಯಲ್ಲೇ. ಅದರ ಹಿಂದಿನ ಸುರಂಗವೂ ಅಪ್ಪನೇ ತೋಡಿದ್ದು. ಅದರ ನೀರು ಪೈಪಿನಲ್ಲಿ ಇಳಿದು ಬಚ್ಚಲಿನ ಬಾಲ್ದಿಗೆ ಬೀಳುತ್ತದೆ. ಅಪರೂಪಕ್ಕೊಮ್ಮೆ ನೀರಿನ ಜೊತೆ ಒಂದು ಜೀವವೂ ಬೀಳುತ್ತಿತ್ತು. ಕಿರುಬೆರಳಷ್ಟು ಉದ್ದ, ಹಸಿ ಮಾಂಸದ ಬಣ್ಣ. ನೋಡಿದರೆ ಎರೆಹುಳ ಅನ್ನಬೇಕು, ಆದರೆ ಬಾಯಿ ಉಂಟು, ಬಾಯಿ ತೆರೆದು ಮುಚ್ಚುತ್ತದೆ. ಕಣ್ಣಿರಬೇಕಾದಲ್ಲಿ ನುಣ್ಣಗೆ ಚರ್ಮ. ಕೊಲ್ಲಬಾರದು, ಹೊರಗೆ ಎಸೆಯಬಾರದು. ಚೆಂಬಿನಲ್ಲಿ ಹಿಡಿದು ವಾಪಸು ಒಳಗೆ ಬಿಟ್ಟು ಬರಬೇಕು. "ಸುರಂಗದ್ದು ಸುರಂಗಕ್ಕೆ" ಎನ್ನುವುದು ನಮ್ಮ ಮನೆಯ ಪದ್ಧತಿ. ಬಿಡಲು ಹೋಗುವಾಗ ಚೆಂಬಿನೊಳಗೆ ನೋಡಿದರೆ ಅದು ನನ್ನ ಕಡೆಗೇ ಮುಖ ಮಾಡಿರುತ್ತಿತ್ತು. ಕಣ್ಣಿಲ್ಲದ್ದು ನೋಡುವುದು ಹೇಗೆ ಎಂದು ನೀವು ಕೇಳಬಹುದು. ನೋಡಿಸಿಕೊಂಡವಳು ನಾನು, ನನಗೆ ಗೊತ್ತು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಸಹಿ ಹಾಕಲು ಕಲಿತದ್ದೇ ನನ್ನ ಪ್ರೋಗ್ರೆಸ್ ಕಾರ್ಡಿಗೆ. ಒಂದು ಗುಡ್ಡ ಇಳಿದು, ಎರಡು ಬಸ್ಸು ಹತ್ತಿ ಕಾಲೇಜಿಗೆ ಹೋಗುವುದು. ಹತ್ತರವರೆಗೆ ಕನ್ನಡದಲ್ಲಿ ಕಲಿತವಳಿಗೆ ಅಲ್ಲಿ ಎಲ್ಲ ಇಂಗ್ಲಿಷು. ಮೊದಲ ವರ್ಷ ಪುಸ್ತಕಕ್ಕಿಂತ ಹೆಚ್ಚು ಡಿಕ್ಷನರಿಯನ್ನೇ ಓದಿದೆ. ತರಗತಿಯಲ್ಲಿ ಬಾಯಿ ತೆರೆದದ್ದೇ ಇಲ್ಲ. ಒಂದು ದಿನ ಮೇಡಂ ಜೀವವಿಕಾಸದ ಪಾಠ ಮಾಡುತ್ತಾ, ಗುಹೆಯ ಮೀನುಗಳಿಗೆ ಕಣ್ಣು ಯಾಕಿಲ್ಲ ಎಂದು ಕೇಳಿದರು. ಇಡೀ ಕ್ಲಾಸಿನಲ್ಲಿ ಅಂಥ ಮೀನನ್ನು ಚೆಂಬಿನಲ್ಲಿ ಹಿಡಿದವಳು ನಾನೊಬ್ಬಳೇ ಅಲ್ಲವೇ! ಎದ್ದು ನಿಂತೆ. ಕತ್ತಲೆಯಲ್ಲಿ ಇದ್ದು ಇದ್ದು ಕಣ್ಣಿನ ಬಳಕೆ ಇಲ್ಲದೆ ಕಣ್ಣು ಹೋಯಿತು ಎಂದೆ. ಅಷ್ಟಕ್ಕೇ ಕೂತಿದ್ದರೆ ಆಗಿತ್ತು. ಹುಮ್ಮಸ್ಸಿನಲ್ಲಿ, "ನನ್ನ ಅಪ್ಪನೂ ಹಾಗೆಯೇ. ಸಣ್ಣದರಿಂದ ಸುರಂಗದಲ್ಲಿ ಕೆಲಸ ಮಾಡಿ ಮಾಡಿ ಈಗ ಸಂಜೆಯಾದರೆ ಅವರಿಗೆ ಕಣ್ಣು ಸರಿ ಕಾಣುವುದಿಲ್ಲ" ಎಂದುಬಿಟ್ಟೆ.

ಕ್ಲಾಸು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಹಾಗಾದರೆ ನಿನ್ನ ಮಕ್ಕಳಿಗೆ ಕಣ್ಣೇ ಇರಲಿಕ್ಕಿಲ್ಲ ಮಾರಾಯ್ತಿ" ಎಂದರು. ಮೇಡಂ ನಗಲಿಲ್ಲ.

"ಬಳಸದ್ದಕ್ಕೆ ಹೋಗುವುದಲ್ಲ" ಎಂದರು. "ಬೆಳಕಿನಲ್ಲಿ ಕಣ್ಣು ಸರಿ ಇಲ್ಲದೆ ಹುಟ್ಟಿದ ಮೀನನ್ನು ಯಾವುದೋ ಒಂದು ತಿಂದು ಮುಗಿಸುತ್ತದೆ. ಅದರ ಸಂತಾನ ಅಲ್ಲಿಗೇ ನಿಲ್ಲುತ್ತದೆ. ಕತ್ತಲೆಯಲ್ಲಿ ಅದು ಬದುಕುತ್ತದೆ, ಮರಿ ಮಾಡುತ್ತದೆ. ಕಣ್ಣು ಮಾಡಲು ಖರ್ಚಾಗುವ ಆಹಾರವೂ ಅದಕ್ಕೆ ಉಳಿಯುತ್ತದೆ. ಹಾಗೆ ಎಷ್ಟೋ ತಲೆಮಾರು ಕಳೆದು ಅಂಥವೇ ತುಂಬುತ್ತವೆ. ಕತ್ತಲೆ ಯಾರ ಕಣ್ಣನ್ನೂ ಕೀಳುವುದಿಲ್ಲ. ಕಣ್ಣಿಲ್ಲದವರನ್ನು ಶಿಕ್ಷಿಸುವುದಿಲ್ಲ, ಅಷ್ಟೇ." ಆಮೇಲೆ ಸ್ವರ ತಗ್ಗಿಸಿ ನನ್ನೊಬ್ಬಳಿಗೇ ಎಂಬಂತೆ ಕೇಳಿದರು: "ನಿನ್ನ ಅಪ್ಪನ ಕಣ್ಣು ಸುರಂಗಕ್ಕೆ ಹೋಗಿ ಹಾಳಾದದ್ದಾ, ಕಣ್ಣು ಮೊದಲೇ ಹಾಗಿದ್ದುದಕ್ಕೆ ಅವರು ಸುರಂಗಕ್ಕೆ ಹೋದದ್ದಾ?"

ಎರಡು ಬಸ್ಸು ಮತ್ತು ಒಂದು ಗುಡ್ಡ ನಾನು ಆ ಪ್ರಶ್ನೆಯನ್ನು ಹೊತ್ತುಕೊಂಡು ಬಂದೆ. ಅಪ್ಪ ಜಗಲಿಯಲ್ಲಿ ಪಿಕ್ಕಾಸಿಗೆ ಹಿಡಿ ಹಾಕುತ್ತಿದ್ದರು. ಕೇಳಿದೆ. ಅವರು ಹಿಡಿಯ ಮೇಲೆ ಬೆರಳಾಡಿಸುತ್ತಾ ಹೇಳಿದರು:

"ಸಣ್ಣದಿರುವಾಗ ದನ ಮೇಯಿಸ್ಲಿಕ್ಕೆ ಕಳಿಸ್ತಿದ್ರು. ಮುಸ್ಸಂಜೆಗೆ ನನಗೆ ದನ ಯಾವ್ದು, ಪೊದೆ ಯಾವ್ದು ಗೊತ್ತಾಗ್ತಿರ್ಲಿಲ್ಲ. ದಿನಾ ಒಂದನ್ನು ಬಿಟ್ಟು ಬರ್ತಿದ್ದೆ, ದಿನಾ ಪೆಟ್ಟು. ಮತ್ತೆ ಒಬ್ಬರು ಸುರಂಗಕ್ಕೆ ಕರ್ಕೊಂಡು ಹೋದ್ರು. ಒಳಗೆ ಹೋದ್ರೆ, ಎಲ್ಲರೂ ನನ್ನ ಹಾಗೇ! ಯಾರಿಗೂ ಕಾಣುದಿಲ್ಲ. ಅಲ್ಲಿ ಪೆಟ್ಟಿಲ್ಲ ಮಗಾ."

ಬೆಳ್ಳೂರಿನ ಆ ಮಧ್ಯಾಹ್ನ ಒಮ್ಮೆಲೇ ಬೇರೆಯಾಗಿ ಕಂಡಿತು. ಎರಡು ಕಣ್ಣಿರುವ ಮನುಷ್ಯ ನಲವತ್ತು ಸಲ 'ಬತ್ತಿ ಉಂಟಾ' ಎಂದು ಯಾಕೆ ಕೇಳುತ್ತಿದ್ದರು, ಆರಿದ್ದು ಅವರಿಗೆ ಯಾಕೆ ಗೊತ್ತಾಗಲಿಲ್ಲ, ಯಾರಲ್ಲಿಯೂ ಹೇಳಬೇಡ ಎಂದು ಯಾಕೆ ಅಂದರು. ಬತ್ತಿ ಉರಿದರೂ ಆರಿದರೂ ಅವರಿಗೆ ಹೆಚ್ಚು ಕಡಿಮೆ ಒಂದೇ ಕತ್ತಲೆ. ಬತ್ತಿ ಕಾಣದವನನ್ನು ಯಾರು ಸುರಂಗಕ್ಕೆ ಕರೆದಾರು? ಮಣ್ಣು ಎಳೆಯಲು ಬೇರೆ ಜನ ಸಿಗುತ್ತಿದ್ದರು. ನನ್ನನ್ನು ಒಯ್ಯುತ್ತಿದ್ದುದು ಬತ್ತಿ ನೋಡಲಿಕ್ಕೆ.

ಈಗ ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹತ್ತನೆಯಲ್ಲಿ ಅದೇ ಪಾಠ ಬರುತ್ತದೆ. ಆ ಸಿದ್ಧಾಂತ ಕೊಟ್ಟ ಗಡ್ಡದ ಅಜ್ಜನ ಚಿತ್ರಕ್ಕೆ ಮಕ್ಕಳು ಕನ್ನಡಕ ಬರೆಯುತ್ತಾರೆ. ಎಷ್ಟು ಸಲ ಹೇಳಿದರೂ ಪರೀಕ್ಷೆಯಲ್ಲಿ 'ಜಿರಾಫೆ ಕುತ್ತಿಗೆ ಚಾಚಿ ಚಾಚಿ ಉದ್ದವಾಯಿತು' ಎಂದೇ ಬರೆಯುತ್ತಾರೆ. ನಾನು ಕೆಂಪು ಗೆರೆ ಎಳೆಯುತ್ತೇನೆ, ಒಂದು ಕಾಲದಲ್ಲಿ ನಾನೇ ಎದ್ದು ನಿಂತು ಹೇಳಿದ ಉತ್ತರಕ್ಕೆ. ಕಳೆದ ವರ್ಷ ಒಬ್ಬಳು ಕೇಳಿದಳು, "ಟೀಚರ್, ನಿಸರ್ಗದ ಆಯ್ಕೆ ಅಂತೀರಲ್ಲ, ಆಯ್ಕೆ ಮಾಡುವುದು ಯಾರು?"

"ಯಾರೂ ಇಲ್ಲ."

"ಯಾರೂ ಇಲ್ಲದೆ ಆಯ್ಕೆ ಹೇಗೆ ಟೀಚರ್?"

ನಾನು ಉತ್ತರ ಕೊಟ್ಟೆ, ಪುಸ್ತಕದಲ್ಲಿ ಇದ್ದದ್ದನ್ನೇ. ಆದರೆ 'ಯಾರೂ ಇಲ್ಲ' ಎಂದಾಗ ನನ್ನ ಸ್ವರ ಅಪ್ಪನ ಸ್ವರದ ಹಾಗೆ ಇತ್ತು. ಸುಳ್ಳಲ್ಲ, ಆದರೂ ಹಿಂದೆ ತಿರುಗಿ ನೋಡಲು ಮನಸ್ಸಿಲ್ಲದವರ ಸ್ವರ.

ನೀವು ಇಷ್ಟು ಹೊತ್ತಿಗೆ ಊಹಿಸಿರುತ್ತೀರಿ. ಊಹಿಸದೆ ಇದ್ದವಳು ನಾನೊಬ್ಬಳೇ. ಸಂಜೆ ಐದರ ನಂತರ ಸ್ಟಾಫ್ ಮೀಟಿಂಗ್ ಇಟ್ಟರೆ ನನಗೆ ತಪ್ಪದೆ ತಲೆನೋವು ಬರುತ್ತಿತ್ತು. ಸ್ಕೂಟರನ್ನು 'ಬೆನ್ನು ನೋವು' ಎಂದು ಮಾರಿದೆ. ಪಕ್ಕದಲ್ಲಿ ನಿಂತವರನ್ನು ಗಮನಿಸದೆ ಡಿಕ್ಕಿ ಹೊಡೆದು, "ಅಯ್ಯೋ, ಎಂತದೋ ಯೋಚನೆಯಲ್ಲಿದ್ದೆ" ಎನ್ನುವುದು. ಟೀಚರಿಗೆ ಯೋಚನೆ ಜಾಸ್ತಿ ಎಂದು ಹೆಸರೂ ಬಂತು. ಕಡೆಗೆ ಕಳೆದ ಜೂನಿನಲ್ಲಿ ಮಂಗಳೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಹೇಳಿದರು, ಇದು ಹುಟ್ಟಿನೊಂದಿಗೆ ಬರುವಂಥದ್ದು. ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಮತ್ತೆ ಬದಿಗಳು ಮುಚ್ಚುತ್ತಾ ಬರುತ್ತವೆ. "ಮಗಳನ್ನೂ ಒಮ್ಮೆ ಕರ್ಕೊಂಡು ಬನ್ನಿ" ಎಂದರು.

ಕರೆದುಕೊಂಡು ಹೋಗಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಕನ್ನಡಕದ ನಂಬರು ಬದಲಾಗಿದೆ ಎಂದೆ. ಮಗಳು ಧನ್ಯ ಹತ್ತನೆಯಲ್ಲಿದ್ದಾಳೆ, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಓಣಂ ಕಳೆಯಲಿ, ಕ್ರಿಸ್‌ಮಸ್ ರಜೆ ಬರಲಿ ಎಂದುಕೊಂಡೆ. ನಿಜವೆಂದರೆ, ಕೇಳಿದರೆ ಹೇಳಿಬಿಡುತ್ತಾರೋ ಎಂಬ ಅದೇ ಭಯ.

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಧನ್ಯ ಬಚ್ಚಲಿನಿಂದ ಕಿರುಚಿದಳು.

"ಅಮ್ಮಾ! ಬಾಲ್ದಿಯಲ್ಲಿ ಎಂತದೋ ಉಂಟು! ಇದಕ್ಕೆ ಮುಖವೇ ಇಲ್ಲ ಮಾರಾಯ್ತಿ!"

ಎಷ್ಟೋ ವರ್ಷಗಳ ನಂತರ ಬಿದ್ದಿತ್ತು. "ಮುಖ ಉಂಟು, ಕಣ್ಣು ಇಲ್ಲ" ಎಂದೆ.

"ಬಳಸದೆ ಹೋದದ್ದಾ?"

"ಹಾಗೆ ಬರೆದರೆ ಸೊನ್ನೆ."

"ಗೊತ್ತುಂಟು, ನಿನ್ನನ್ನು ಕೆರಳಿಸ್ಲಿಕ್ಕೆ ಕೇಳಿದ್ದು" ಎಂದು ನಕ್ಕಳು.

ಚೆಂಬಿನಲ್ಲಿ ಅದನ್ನು ಹಿಡಿದು, ನಾನೊಂದು ಮೋಂಬತ್ತಿ ತೆಗೆದುಕೊಂಡೆ. ಮೊಬೈಲಿನಲ್ಲಿ ಟಾರ್ಚ್ ಉಂಟಲ್ಲ ಎಂದಳು. "ಗಾಳಿ ಕೆಟ್ಟರೆ ಮೊಬೈಲಿಗೆ ಗೊತ್ತಾಗುವುದಿಲ್ಲ" ಎಂದೆ. ಅದು ನಿಜ. ಆದರೆ ಮೀನು ಬಿಡಲು ಸುರಂಗದ ಬಾಯಿಯ ಹತ್ತಿರದ ನೀರೇ ಸಾಕಿತ್ತು. ನಾನು ಅವಳನ್ನು ಒಳಗೆ, ಹೊರಗಿನ ಬೆಳಕು ಸತ್ತು ಹೋಗುವಲ್ಲಿಯವರೆಗೆ ಕರೆದುಕೊಂಡು ಹೋದೆ. ಡಾಕ್ಟರಲ್ಲಿ ಕೇಳಲು ಧೈರ್ಯ ಇಲ್ಲದ್ದನ್ನು ಅಪ್ಪನ ಸುರಂಗದಲ್ಲಿ ಕೇಳಲು ಹೊರಟಿದ್ದೆ. ಅಪ್ಪ ಕೊರೆದ ಹಳೆಯ ಗೂಡನ್ನು ಕೈಯಲ್ಲಿ ತಡವಿ ಹುಡುಕಿ ಬತ್ತಿ ಇಟ್ಟೆ. ಪಾದ ಮುಳುಗುವಷ್ಟು ನೀರು, ಮಂಜಿನಷ್ಟು ತಣ್ಣಗೆ. ಧನ್ಯ ನನ್ನನ್ನು ದಾಟಿ ಮುಂದೆ ಹೋಗಿ ಬಗ್ಗಿ ಮೀನನ್ನು ಬಿಟ್ಟಳು.

"ಬತ್ತಿ ಉಂಟಾ ಮಗಾ?" ಎಂದೆ.

"ಎಂತ ಪ್ರಶ್ನೆ ಅಮ್ಮ? ನಿನ್ನ ಪಕ್ಕದಲ್ಲೇ ಉಂಟಲ್ಲ."

"ಮತ್ತೆ ಎಂತ ಕಾಣ್ತದೆ ಹೇಳು."

"ಗೋಡೆಯಲ್ಲಿ ಗೆರೆಗಳುಂಟು. ಪಿಕ್ಕಾಸಿಂದು. ಎಲ್ಲ ಒಂದೇ ಕಡೆಗೆ ವಾಲಿದ್ದು. ಅಜ್ಜ ಎಡಚರಾ?"

ಹೌದು, ಅಪ್ಪ ಎಡಚರು. ಆ ಗೆರೆಗಳನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಲು ನಾನೇ ನೋಡಿರಲಿಲ್ಲ. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಪೂರ್ತಿ ಇಳಿಯಲಿಲ್ಲ. ಮೋಂಬತ್ತಿ ಡಾಕ್ಟರಲ್ಲ ಎಂದು ಗೊತ್ತಿರುವಷ್ಟು ನಾನು ಓದಿದ್ದೇನೆ.

ಆಗ ಅವಳ ಸ್ವರ ಬದಲಾಯಿತು. "ಅಮ್ಮಾ, ಅಲ್ಲಾಡ್ಬೇಡ."

"ಯಾಕೆ?"

"ನೀರಲ್ಲಿ... ಒಂದಲ್ಲ. ತುಂಬ ಉಂಟು. ನಿನ್ನ ಕಾಲಿನ ಸುತ್ತ. ಎಲ್ಲ ನಿನ್ನ ಕಡೆಗೇ ತಲೆ ಹಾಕಿದ್ದಾವೆ." ಮತ್ತೆ, "ನಿನಗೆ ಕಾಣ್ತಾ ಇಲ್ವಾ?"

ಬಗ್ಗಿ ನೋಡಿದೆ. ನನ್ನ ಕಾಲೂ ಕಾಣಲಿಲ್ಲ. ಹಿಮ್ಮಡಿಗೆ ಎಂತದೋ ನುಣ್ಣಗಿನದ್ದು ತಾಗಿ ಹೋಯಿತು. ಕಾಲು ಇಟ್ಟ ಕಂಪನಕ್ಕೆ ಬಂದವು, ಅಷ್ಟೇ, ಎಂದು ಒಳಗಿನ ಟೀಚರ್ ಹೇಳಿದಳು. ಬಾಯಿಯಲ್ಲಿ ಉತ್ತರ ಸಿದ್ಧವಾಗಿ ಕೂತಿತ್ತು. 'ಕಾಣ್ತದೆ' ಎಂದರೆ ಮುಗಿಯಿತು. ಅಪ್ಪ ಸಾಯುವವರೆಗೂ ಅದನ್ನೇ ಹೇಳಿದವರು. ಅವರ ಬತ್ತಿ ನೋಡಿದವಳಿಗೂ ಅವರು ಒಮ್ಮೆಯೂ ತಾವಾಗಿ 'ಕಾಣುದಿಲ್ಲ' ಎನ್ನಲಿಲ್ಲ. ಬೆಳ್ಳೂರಿನಲ್ಲಿ ನಾವಿಬ್ಬರೂ ಜೀವಸಹಿತ ಹೊರಗೆ ಬಂದದ್ದು ಒಂದು ಮಾತಿನಿಂದ. ಅದು 'ಉಂಟು' ಅಲ್ಲ.

"ಇಲ್ಲ" ಎಂದೆ.

"ಬತ್ತಿ?"

"ತಿರುಗಿ ನೇರ ನೋಡಿದರೆ ಒಂದು ಚುಕ್ಕಿ. ಬೇರೆ ಎಂತದೂ ಇಲ್ಲ ಮಗಾ."

ಅವಳು ನೀರು ಕಲಕದ ಹಾಗೆ ಮೆಲ್ಲ ನನ್ನ ಹತ್ತಿರ ಬಂದಳು. "ಎಷ್ಟು ಸಮಯ ಆಯ್ತು?"

ಅಪ್ಪ ಕೇಳಿದ್ದೂ ಅದನ್ನೇ. ಆಗ ನನಗೆ ಗೊತ್ತಿರಲಿಲ್ಲ. ಈ ಸಲ ಗೊತ್ತಿತ್ತು. "ನಾಲ್ಕು ವರ್ಷ" ಎಂದೆ. ಡಾಕ್ಟರು ಅವಳ ಬಗ್ಗೆ ಹೇಳಿದ್ದನ್ನೂ ಅಲ್ಲಿಯೇ, ನೀರಿನಲ್ಲಿ ನಿಂತೇ ಹೇಳಿಬಿಟ್ಟೆ.

ಧನ್ಯ ಗೂಡಿನಿಂದ ಬತ್ತಿ ಎತ್ತಿಕೊಂಡಳು. ಇನ್ನೊಂದು ಕೈಯಿಂದ ತನ್ನ ಶಾಲಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. "ಹಿಡ್ಕೋ. ನಾಳೆ ಇಬ್ಬರೂ ಮಂಗಳೂರಿಗೆ ಹೋಗುವ. ಅಪ್ಪನಲ್ಲಿ ನೀನು ಹೇಳ್ತೀಯಾ, ನಾನು ಹೇಳ್ಬೇಕಾ?"

"ನಾನೇ ಹೇಳ್ತೇನೆ."

ಅವಳು ಮುಂದೆ, ನಾನು ಹಿಂದೆ. ಎರಡು ಹೆಜ್ಜೆಗೆ ನನ್ನ ನಾಲಿಗೆ ತಾನಾಗಿ ಅಂಗುಳಿಗೆ ಏರಿತು. ಟಕ್.

"ಅದು ಬೇಡಮ್ಮ" ಎಂದಳು, ತಿರುಗದೆ. "ನಾನು ಉಂಟಲ್ಲ."

ನಿಲ್ಲಿಸಿದೆ. ಹಲ್ಲು ಕಚ್ಚಿಕೊಂಡು, ಶಾಲಿನ ತುದಿ ಬಿಗಿಯಾಗಿ ಹಿಡಿದು ನಡೆದೆ. ಹೊರಗಿನ ಬೆಳಕು ನಾಣ್ಯದಷ್ಟು ದೊಡ್ಡದಾಗಿ ಕಾಣುವವರೆಗೂ ನಾವಿಬ್ಬರೂ ಒಂದು ಸದ್ದೂ ಮಾಡಲಿಲ್ಲ.

ಆಗ ಹಿಂದಿನಿಂದ, ಅಪ್ಪ ಕಡಿದು ನಿಲ್ಲಿಸಿದ ಕೊನೆಯ ಗೋಡೆಯ ಕಡೆಯಿಂದ, ಕೊಂಚ ತಡವಾಗಿ ಕೇಳಿಸಿತು. ಟಕ್.

ಧನ್ಯ ನಿಂತಳು.

"ಯಾರಮ್ಮ?"

"ಯಾರೂ ಇಲ್ಲ. ನೀರು" ಎಂದೆ. "ನಡೆ."